ಪಂಪಿನ ಕೋಣೆಯಲ್ಲಿ ಹಾಲು ಉಕ್ಕಿಸಿದ್ದು

ನನ್ನ ತಮ್ಮನ ಮನೆಗೆ ಲಿಫ್ಟ್ ಇದೆ. ಅದೇ ಮನೆಯಲ್ಲಿದ್ದ ನಮ್ಮಮ್ಮನ ರೇಷನ್ ಕಾರ್ಡು ಕಡುಬಡವರದ್ದು. ಈ ಎರಡೂ ಒಂದೇ ಗೇಟಿನೊಳಗೆ ಹೇಗಿದ್ದವು ಅಂತ ಹೇಳುತ್ತೇನೆ. ಹೇಳುವಾಗ ನನಗೇ ಅಸಹ್ಯವಾಗುತ್ತದೆ. ಆ ಕಾರ್ಡಿನ ಅರ್ಜಿ ತುಂಬಿದ ಕೈ ನನ್ನದೇ.

ನಾವು ಕೋಣನಕುಂಟೆಯ ಹಳೇ ಜನ. ಕನಕಪುರ ರಸ್ತೆಯಲ್ಲಿ ಗಾಡಿ ಎತ್ತುಗಳು ಓಡಾಡುತ್ತಿದ್ದ ಕಾಲಕ್ಕೆ ನಮಗೆ ಹೊಲವಿತ್ತು. ರಾಗಿ, ಹುರುಳಿ, ಬಾವಿಯ ಪಕ್ಕ ಒಂದಷ್ಟು ಸೊಪ್ಪು. ಆಮೇಲೆ ಹೊಲವೆಲ್ಲ ಸೈಟುಗಳಾದವು. ಅಪ್ಪ ಸತ್ತ ಮೇಲೆ ತಮ್ಮ ನನ್ನನ್ನು ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ, ನನಗೆ ಪಾಲು ಬೇಡ ಅಂತ ರುಜು ಹಾಕಿಸಿಕೊಂಡ. ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ, ಬನಶಂಕರಿಯ ಹೋಟೆಲಿನಲ್ಲಿ ಊಟ. ನಮ್ಮ ಕಡೆ ಹೆಣ್ಣುಮಕ್ಕಳು ಹಾಗೇ ರುಜು ಹಾಕುವುದು. ನಾನೂ ಹಾಕಿದೆ, ಹೋಳಿಗೆ ಇನ್ನೊಂದು ಹಾಕಿಸಿಕೊಂಡು ತಿಂದೆ. ತಮ್ಮ ನಾಲ್ಕು ಮಹಡಿ ಎತ್ತಿದ. ಎರಡನೆಯದರಲ್ಲಿ ತಾನಿದ್ದು ಮಿಕ್ಕಿದ್ದನ್ನು ಬಾಡಿಗೆಗೆ ಬಿಟ್ಟ. ನಾನು ತಿಲಕ್ ನಗರದ ಎರಡು ಕೋಣೆಯ ಮನೆಯಲ್ಲಿ ಮಗಳು, ಅಳಿಯ, ಮೊಮ್ಮಕ್ಕಳ ಜೊತೆ ಇದ್ದೇನೆ. ಗಂಡ ಇಲ್ಲ. ಸೀರೆಗೆ ಫಾಲ್ ಹೊಲಿಯುತ್ತೇನೆ.

ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಬರೆಯಲು ಕಲಿತದ್ದು ಅಮ್ಮನ ಅರ್ಜಿಗಳನ್ನು ತುಂಬಿ ತುಂಬಿ. ಅಮ್ಮನ ವೃದ್ಧಾಪ್ಯ ವೇತನ, ಬ್ಯಾಂಕಿನ ಪಾಸ್‌ಬುಕ್ಕು, ಆಧಾರ್, ಔಷಧಿ ಚೀಟಿ, ಎಲ್ಲವೂ ನನ್ನ ಪ್ಲಾಸ್ಟಿಕ್ ಕವರಿನಲ್ಲಿ. ಆಸ್ತಿಪತ್ರ ತಮ್ಮನ ಬೀರುವಿನಲ್ಲಿ. ಕ್ಯೂನಲ್ಲಿ ನಿಂತು ತರಬೇಕಾದದ್ದು ಮಗಳ ಪಾಲಿಗೆ, ಕೂತಲ್ಲಿಗೆ ಬರುವಂಥದ್ದು ಮಗನ ಪಾಲಿಗೆ. ಇದನ್ನು ಯಾರೂ ಕೂತು ಮಾತಾಡಿ ತೀರ್ಮಾನ ಮಾಡಲಿಲ್ಲ.

ಆ ಕಾರ್ಡಿನ ಉಪಾಯ ಹೇಳಿಕೊಟ್ಟವನು ತಮ್ಮನ ಪರಿಚಯದ ಒಬ್ಬ ಬ್ರೋಕರು. ಮುದುಕಿಯನ್ನು ನಿಮ್ಮ ಕಾರ್ಡಿನಿಂದ ತೆಗೆದುಬಿಡಿ, ಬೇರೆ ಒಲೆ ಹಚ್ಚಿಕೊಂಡು ಒಬ್ಬಳೇ ಇದ್ದಾಳೆ ಅಂತ ಬರೆಸಿ, ಬಡವರ ಕಾರ್ಡು ಸಿಗುತ್ತದೆ, ಅದಿದ್ದರೆ ಪಿಂಚಣಿ, ಅಕ್ಕಿ, ಆಸ್ಪತ್ರೆ ಎಲ್ಲವೂ ಬಿಟ್ಟಿ ಅಂದ. ನಮ್ಮ ಬೀದಿಯಲ್ಲಿ ಹೊಲ ಮಾರಿ ಬಿಲ್ಡಿಂಗ್ ಕಟ್ಟಿದ ಅರ್ಧ ಮನೆಗಳ ಮುದುಕಿಯರು ಕಾಗದದಲ್ಲಿ ಹೀಗೆ ಬೇರೆ ಒಲೆ ಹಚ್ಚಿದವರೇ. ನಮ್ಮಮ್ಮನ ವಿಳಾಸಕ್ಕೆ ಕಾರ್ ನಿಲ್ಲಿಸುವ ಜಾಗದ ಹಿಂದೆ, ನೀರಿನ ಪಂಪಿನ ಪಕ್ಕದಲ್ಲಿದ್ದ ಕೋಣೆಯನ್ನು ಬರೆದೆವು. ಅಲ್ಲಿ ಹಳೇ ಟೈಲ್ಸು, ಮುರಿದ ಕಮೋಡು, ಸುಣ್ಣದ ಡಬ್ಬ ಇದ್ದವು. ಅಮ್ಮ ಇದ್ದದ್ದು ಎರಡನೇ ಮಹಡಿಯಲ್ಲಿ, ಊಟದ ಮೇಜಿನ ಪಕ್ಕದ ಮಂಚದಲ್ಲಿ. ಕಾರ್ಡಿನ ಅಕ್ಕಿಯನ್ನು ತಮ್ಮನ ಹೆಂಡತಿ ತನ್ನ ನಾಯಿಗೆ ಬೇಯಿಸುತ್ತಿದ್ದಳು. ಉಳಿದದ್ದನ್ನು ನಾನು ಇಡ್ಲಿಗೆ ತರುತ್ತಿದ್ದೆ. ಚೆನ್ನಾಗಿ ಉಬ್ಬುತ್ತಿತ್ತು.

ಹೋದ ವರ್ಷ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಲ್ಲೇ ಬಿದ್ದಳು. ಎರಡು ದಿನ ಬಿಟ್ಟು ಬಚ್ಚಲಿನಲ್ಲಿ ಮತ್ತೆ ಬಿದ್ದಳು. ಆಸ್ಪತ್ರೆಯ ಡಾಕ್ಟರು ಎದೆಗೆ ವೈರು ಹಚ್ಚಿ ಕಾಗದ ನೋಡಿ, "ಇವ್ರ ಹಾರ್ಟು ನಡುನಡುವೆ ನಿಂತು ನಿಂತು ಹೊಡೀತಿದೆ. ಪೇಸ್‌ಮೇಕರ್ ಇಡ್ಬೇಕು. ತಡ ಮಾಡಿದ್ರೆ ಒಂದ್ಸಲ ನಿಂತಿದ್ದು ಮತ್ತೆ ಹೊಡಿಯೋದೇ ಇಲ್ಲ" ಅಂದರು. ನಾನು ಕವರಿನಿಂದ ಕಾರ್ಡು ತೆಗೆದು ಕೌಂಟರಿಗೆ ಕೊಟ್ಟೆ. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ ವಾಪಸ್ಸು ತಳ್ಳಿದಳು.

"ಆಂಟಿ, ಇದು ಹೋಲ್ಡ್‌ನಲ್ಲಿದೆ. ರೇಷನ್ ಆಫೀಸಿನವ್ರು ಮನೆಗೆ ಬಂದು ನೋಡಿ ಓಕೆ ಮಾಡ್ಬೇಕು. ಇಲ್ಲಾಂದ್ರೆ ಬಡವರಲ್ದೇ ಇರೋರ ಲೆಕ್ಕ. ಮುಕ್ಕಾಲು ಭಾಗ ನೀವೇ ಕಟ್ಬೇಕಾಗುತ್ತೆ."

ಅವತ್ತು ಸಂಜೆ ಅಮ್ಮನನ್ನು ಮನೆಗೆ ಕರೆತಂದು, ತಮ್ಮನ ಸೋಫಾದಲ್ಲಿ ಕೂತು ನೇರವಾಗಿಯೇ ಕೇಳಿದೆ. "ಕಾರ್ಡ್ ಬೇಡ. ನೀನೇ ಕಟ್ಟೋ. ಅಮ್ಮ ದುಡಿದ ಜಮೀನೇ ತಾನೇ ಇದೆಲ್ಲ?"

"ಕಟ್ಬೋದಕ್ಕ, ಕಟ್ಟಲ್ಲ ಅಂತ ಅಂದ್ನಾ? ಆದ್ರೆ ಗೌರ್ಮೆಂಟೇ ಕೊಡೋವಾಗ ಕೈಯಿಂದ ಯಾಕೆ ಹಾಕ್ಬೇಕು? ಎಲ್ರೂ ಏನ್ ಮಾಡ್ತಾರೋ ಅದೇ. ನಾವೇನು ಕಳ್ಳತನ ಮಾಡ್ತಿದೀವಾ?"

"ಮತ್ತೇನು ಮಾಡ್ತಿದೀವಿ?"

ಅವನು ಟಿವಿಯ ಸೌಂಡು ಜಾಸ್ತಿ ಮಾಡಿದ. ಆ ತಿಂಗಳಷ್ಟೇ ಅವನು ಮನೆಯ ಮುಂದಿನ ಗೋಡೆಗೆ ಕಪ್ಪು ಗ್ರಾನೈಟು ಹಾಕಿಸಿದ್ದ. ಆ ಗೋಡೆಯಲ್ಲಿ ಮುಖ ಕಾಣುತ್ತದೆ. ನಾನು ಅದರ ಮುಂದೆ ನಿಂತು ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಮುಖವೂ ಕಂಡಿತು. ಜಗಳ ಮಾಡಬಹುದಿತ್ತು. ಜಗಳ ಮಾಡಿದರೆ ಹದಿನೈದು ದಿನ ಅವನು ಮಾತಾಡುವುದಿಲ್ಲ, ಅಷ್ಟರಲ್ಲಿ ಅಮ್ಮನ ಎದೆ ನಿಲ್ಲುತ್ತದೆ ಅಂತ ನನ್ನ ಮನಸ್ಸಿಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ಕಾರ್ಡು ಮಾಡಿಸಿದವಳೂ ನಾನೇ, ಸುಳ್ಳು ಹೊರಬಿದ್ದರೆ ನನ್ನ ತಲೆಗೂ ಬರುತ್ತದೆ ಅನ್ನುವ ಭಯ.

ಡಾಕ್ಟರ ಚೀಟಿ ಹಿಡಿದು ರೇಷನ್ ಆಫೀಸಿಗೆ ಮೂರು ದಿನ ಅಲೆದೆ. ತುರ್ತು ಅಂತ ಚೀಟಿಯಲ್ಲಿದ್ದುದರಿಂದ ಗುರುವಾರ ಇನ್‌ಸ್ಪೆಕ್ಟರ್ ಬರುತ್ತಾರೆ ಅಂದರು.

ಬುಧವಾರ ಬೆಳಿಗ್ಗೆಯಿಂದ ನಮ್ಮ ನಾಟಕ ಶುರುವಾಯಿತು. ತಮ್ಮ ಆ ಕೋಣೆಯ ಟೈಲ್ಸು, ಕಮೋಡು ಎಲ್ಲ ಎತ್ತಿಸಿದ. ಗೋಡೆಗೆ ಸುಣ್ಣ ಹೊಡೆಸೋಣವೇ ಅಂತ ಅವನು ಕೇಳಿದ್ದಕ್ಕೆ ಅವನ ಹೆಂಡತಿ, "ಬೇಡ ರೀ, ಬಡವರ ಮನೆ ಥರ ಇರ್ಲಿ" ಅಂದಳು. ಬಡವರ ಮನೆ ಹೇಗಿರುತ್ತದೆ ಅಂತ ಅವಳು ನನ್ನ ಮುಖ ನೋಡಿದಳು. ನನ್ನ ಮನೆಯಲ್ಲಿ ಗೋಡೆಗೆ ಸುಣ್ಣ ಇದೆ. ಚಾಪೆ, ಒಂದು ಬಿಂದಿಗೆ, ಎರಡು ಪಾತ್ರೆ, ಸಣ್ಣ ಸಿಲಿಂಡರಿನ ಒಂಟಿ ಒಲೆ ತಂದಿಟ್ಟರು. ಹಗ್ಗಕ್ಕೆ ಅಮ್ಮನ ಎರಡು ಹಳೇ ಸೀರೆ.

ಕಿವಿಯ ಓಲೆ ಬಿಚ್ಚಬೇಕಾಗಿತ್ತು. ಏಳು ಕಲ್ಲಿನ ಓಲೆ, ಅಮ್ಮನ ಮದುವೆಯದು. ಸೊಸೆ ಕೈ ಹಾಕಿದಾಗ ಅಮ್ಮ ಕೊಸರಿಕೊಂಡಳು. ನಾನು ಕೊಬ್ಬರಿ ಎಣ್ಣೆ ಹಚ್ಚಿ ತಿರುಪು ಸಡಿಲ ಮಾಡಿದೆ. "ನೀನೂನಾ?" ಅಂತ ಕೇಳಿದಳು ಅಮ್ಮ, ಅಷ್ಟೇ. ಓಲೆ ಇಲ್ಲದ ಕಿವಿಯ ತೂತುಗಳು ಉದ್ದಕ್ಕೆ ಜೋತುಬಿದ್ದು, ಅರವತ್ತು ಚಿಲ್ಲರೆ ವರ್ಷ ನೋಡಿದ ಮುಖ ಬೇರೆ ಯಾರದ್ದೋ ಅನ್ನಿಸಿತು. ಸೊಸೆ ಓಲೆಯನ್ನು ಕರ್ಚೀಫಿನಲ್ಲಿ ಕಟ್ಟಿ ಮೇಲೆ ತೆಗೆದುಕೊಂಡು ಹೋದಳು.

ಲಿಫ್ಟಿನಲ್ಲಿ ಅಮ್ಮನನ್ನು ಕೆಳಗಿಳಿಸಿದಾಗ ಹೊಸ ತಕರಾರು ಎದ್ದಿತು. ತಮ್ಮನ ಹೆಂಡತಿ ಆ ಕೋಣೆಯ ಹೊಸಲಿನಲ್ಲಿ ನಿಂತು ಅಡ್ಡ ಹಾಕಿದಳು.

"ಅಕ್ಕ, ಹಾಲು ಉಕ್ಕಿಸ್ದೆ ಹೊಸ ಒಲೆ ಹಚ್ಬಾರ್ದು. ಮನೇಗೆ ಒಳ್ಳೇದಲ್ಲ."

"ಇದೇನು ಮನೆನಾ? ಒಂದಿನದ ವೇಷ ಇದು."

"ವೇಷ ಆದ್ರೂ ಒಲೆ ಒಲೇನೇ. ನಾಳೆ ಮಕ್ಳಿಗೆ ಏನಾದ್ರೂ ಆದ್ರೆ ನೀವು ಬರ್ತೀರಾ?"

ಸುಳ್ಳು ಹೇಳುವುದಕ್ಕೆ ಇವಳಿಗೆ ಹೆದರಿಕೆ ಇಲ್ಲ, ಸುಳ್ಳು ಒಲೆಗೆ ಶಾಸ್ತ್ರ ತಪ್ಪಿದರೆ ಹೆದರಿಕೆ. ಹೊಸಲಿಗೆ ಅರಿಶಿನ ಬಳಿದಳು. ಎದುರು ಮನೆಯ ಮರದಿಂದ ಮಾವಿನೆಲೆ ಕೀಳಿಸಿ ಬಾಗಿಲಿಗೆ ತೋರಣ ಕಟ್ಟಿದಳು. ಒಲೆಗೆ ಕುಂಕುಮ ಇಟ್ಟು, ಹಿರಿಯವರು ನೀವೇ ಹಚ್ಚಿ ಅಂತ ಅಮ್ಮನ ಕೈಗೆ ಲೈಟರ್ ಕೊಟ್ಟಳು. ಅಮ್ಮ ಪೂರ್ವಕ್ಕೆ ಮುಖ ಮಾಡಿ ಕೂತು ಹಾಲು ಇಟ್ಟಳು. ಅದು ಉಕ್ಕಿ ಒಲೆಯ ಮೇಲೆ ಸುರಿದು ಚುರ್ ಅಂದಾಗ ಕೈ ಮುಗಿದಳು. ನನಗೂ ಆಗ ಏನೂ ಹೊಳೆಯಲಿಲ್ಲ. ತಟ್ಟೆ ಹಿಡಿದು ನಿಂತಿದ್ದೆ.

ಆಮೇಲೆ ತಮ್ಮ ಪಾಠ ಹೇಳಿಕೊಟ್ಟ. ಚಾಪೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮಗುವಿಗೆ ಹೇಳುವಂತೆ ಹೇಳಿದ.

"ಅಮ್ಮ, ನಾಳೆ ಒಬ್ರು ಮೇಡಂ ಬರ್ತಾರೆ. ನಾನು ನಿನ್ ಮಗ ಅಲ್ಲ. ನಾನು ಓನರ್ರು. ನೀನು ಬಾಡಿಗೆಯವ್ಳು. ಪಾಪ ಅಂತ ಬಾಡಿಗೆ ತಗೊಳ್ಳಲ್ಲ. ಮಗಳು ಅವಾಗವಾಗ ಬಂದು ನೋಡ್ಕೊಂಡು ಹೋಗ್ತಾಳೆ. ಇಷ್ಟೇ. ಏನು ಹೇಳು?"

"ನೀನು ಓನರ್ರು" ಅಂದಳು ಅಮ್ಮ.

"ನೀನಲ್ಲ, ನೀವು. ಓನರ್‌ಗೆ ನೀನು ಅಂತಾರಾ?"

"ನೀವು ಓನರ್ರು."

"ಕರೆಕ್ಟ್!" ಅಂತ ತಮ್ಮ ನಕ್ಕ. ಅವನ ಹೆಂಡತಿಯೂ ನಕ್ಕಳು. ನಾನೂ ಸ್ವಲ್ಪ ನಕ್ಕಿರಬೇಕು.

ಇನ್‌ಸ್ಪೆಕ್ಟರ್ ಗುರುವಾರ ಹನ್ನೊಂದಕ್ಕೆ ಸ್ಕೂಟರಿನಲ್ಲಿ ಬಂದರು. ಐವತ್ತರ ಹತ್ತಿರದ ಹೆಂಗಸು, ಬೆವರಿದ್ದರು, ಹೆಲ್ಮೆಟ್ಟು ತೆಗೆದು ಕಂಕುಳಲ್ಲಿಟ್ಟುಕೊಂಡರು. ಗ್ರಾನೈಟ್ ಗೋಡೆ ನೋಡಿದರು. ಹಿಂದೆ ಬಂದು ಕೋಣೆಯ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ, ತಲೆ ಎತ್ತಿ ತೋರಣ ನೋಡುತ್ತಾ ನಿಂತುಬಿಟ್ಟರು. ಎಲೆಗಳು ಇನ್ನೂ ಬಾಡಿರಲಿಲ್ಲ. ಹೊಸಲಿನ ಅರಿಶಿನ ಇನ್ನೂ ಮಾಸಿರಲಿಲ್ಲ. ಒಲೆಯ ಮೇಲೆ ಹಾಲು ಸೀದ ಕಲೆ, ಕುಂಕುಮ.

"ಏನಜ್ಜಿ," ಅಂದರು, "ಎಷ್ಟ್ ವರ್ಷದಿಂದ ಇದೀರ ಇಲ್ಲಿ?"

"ಎಂಟ್ ವರ್ಷ ಆಯ್ತಮ್ಮ."

"ಗೃಹಪ್ರವೇಶ ಮಾತ್ರ ನೆನ್ನೆ ಆಯ್ತಾ?"

ಎಷ್ಟೋ ಜನ ಕಳ್ಳ ಲೆಕ್ಕ ಬರೆದು ಸಿಕ್ಕಿಬೀಳುತ್ತಾರೆ. ನಾವು ಮಾವಿನೆಲೆ ಕಟ್ಟಿ ಸಿಕ್ಕಿಬಿದ್ದಿದ್ದೆವು. ತಮ್ಮ ಮುಂದೆ ಬಂದು, "ಹಬ್ಬಕ್ಕೆ ಕಟ್ಟಿದ್ದು ಮೇಡಂ" ಅಂದ.

"ಯಾವ ಹಬ್ಬ ಸಾರ್?"

ಆ ವಾರದಲ್ಲಿ ಯಾವ ಹಬ್ಬವೂ ಇರಲಿಲ್ಲ.

"ನೀವ್ಯಾರು?"

"ನಾನು ಓನರ್ರು."

ಅವರು ತಮ್ಮನ ಮುಖ ನೋಡಿದರು. ಆಮೇಲೆ ಅಮ್ಮನ ಮುಖ. ಇಬ್ಬರದೂ ಒಂದೇ ಮೂಗು, ಕೆಳಕ್ಕೆ ಬಾಗಿದ್ದು. ಅಗಲ ಹಣೆ, ಒಂದು ಹುಬ್ಬು ಮೇಲೆ. ನಮ್ಮ ಬೀದಿಯಲ್ಲಿ ಯಾರಾದರೂ ಗುರುತು ಹಿಡಿಯುತ್ತಾರೆ.

"ಅಜ್ಜಿ, ನಿಮ್ ಓನರ್ ಮುಖ ನಿಮ್ ಮುಖದ ಥರಾನೇ ಇದೆಯಲ್ಲ?"

ಅಮ್ಮ ಚಾಪೆಯ ಮೇಲೆ ಕೂತಿದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ತಮ್ಮ ಹೇಳಿಕೊಟ್ಟ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ.

"ಹೌದಮ್ಮ," ಅಂದಳು. "ಇವ್ರನ್ನ ನೋಡಿದಾಗೆಲ್ಲ ನಂಗೂ ನನ್ ಮಗನ ನೆನಪು ಬರುತ್ತೆ. ಇದೇ ಮೂಗು. ಇದೇ ನಿಲುವು. ಒಬ್ನೇ ಮಗ. ಹೋಗ್ಬಿಟ್ಟ."

"ಯಾವಾಗ?"

"ಬಹಳ ದಿನ ಆಯ್ತು. ನಂಗೆ ಗೊತ್ತಾಗಿದ್ದು ಈಗ."

ಅವಳು ಅಳಲಿಲ್ಲ, ಧ್ವನಿ ಏರಿಸಲಿಲ್ಲ. ರಾಗಿ ಎಷ್ಟು ಮೂಟೆ ಆಯಿತು ಅಂತ ಕೇಳಿದರೆ ಹೇಳುವ ಹಾಗೆ ಹೇಳಿದಳು. ಪಂಪು ತಾನಾಗಿ ಆನ್ ಆಗಿ ಗುರ್ ಅನ್ನತೊಡಗಿತು. ತಮ್ಮ ಮೊಬೈಲು ನೋಡುತ್ತಾ ಗೇಟಿನ ಕಡೆ ನಡೆದ.

ಇನ್‌ಸ್ಪೆಕ್ಟರ್ ಡಾಕ್ಟರ ಚೀಟಿ ಕೇಳಿ ಓದಿದರು. ಒಂದು ಸಲ ಓದಿ, ಮಡಿಸಿ, ಮತ್ತೆ ತೆಗೆದು ಓದಿದರು. ಫಾರಂನಲ್ಲಿ ಏನೋ ಬರೆದು ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು. ಗೇಟಿನವರೆಗೆ ನಾನು ಹಿಂದೆ ಹೋದೆ. ಅವರು ಸ್ಕೂಟರ್ ಹತ್ತಿ, ಹೆಲ್ಮೆಟ್ಟಿನ ಬಕಲ್ ಹಾಕಿಕೊಳ್ಳುತ್ತಾ ನನ್ನನ್ನೇ ನೋಡಿ ಹೇಳಿದರು.

"ನೀವು ಮಗಳಲ್ವಾ? ಸೈನ್ ಹಾಕಿದೀನಿ. ಆ ಅಜ್ಜಿ ಎದೆಗೋಸ್ಕರ ಹಾಕಿದೀನಿ, ನಿಮ್ಗಳ ಮುಖಕ್ಕಲ್ಲ. ನಾಚ್ಕೆ ಆಗ್ಬೇಕು ನಿಮ್ಗೆ."

ಆಗಿದೆ ಅಂತ ಹೇಳಬೇಕೆಂದಿದ್ದೆ. ಸ್ಕೂಟರು ಹೊರಟುಹೋಯಿತು.

ಒಳಗೆ ಬಂದರೆ ತಮ್ಮನ ಹೆಂಡತಿ ಲಿಫ್ಟಿನಿಂದ ಇಳಿದು ಬಂದು, "ಪಾಸಾ ಅಕ್ಕ?" ಅಂತ ಕೇಳಿದಳು. ಪಾಸು ಅಂದೆ. "ಅತ್ತೆ ಸಖತ್ತಾಗಿ ಮಾಡಿದ್ರಂತೆ ಆಕ್ಟಿಂಗು!" ಅಂದಳು. ನಾನು ಡಾಕ್ಟರ ಚೀಟಿಯನ್ನು ಮಡಿಸಿ ಕವರಿಗೆ ಹಾಕಿಕೊಂಡೆ.

ಮುಂದಿನ ವಾರ ಕಾರ್ಡು ಸರಿಯಾಯಿತು. ಅಮ್ಮನ ಎದೆಯ ಎಡಗಡೆ, ಚರ್ಮದ ಕೆಳಗೆ, ಬೆಂಕಿಪೊಟ್ಟಣದ ಗಾತ್ರದ ಮಿಷನ್ನು ಇಟ್ಟರು. ನಮ್ಮಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಕಟ್ಟಡದ ಕೆಲಸದ ಮುದುಕನೊಬ್ಬ ಇದ್ದ, ಅವನಿಗೂ ಅದೇ ಮಿಷನ್ನು ಬೇಕಿತ್ತು. ಅವನ ಕಾರ್ಡಿನಲ್ಲಿ ಏನೋ ತಕರಾರು, ಅವನ ಮಗಳು ಕಾಗದ ಹಿಡಿದುಕೊಂಡು ನಾನು ಅಲೆದ ಹಾಗೇ ಅಲೆಯುತ್ತಿದ್ದಳು. ನನಗೆ ಕೌಂಟರುಗಳೆಲ್ಲ ಗೊತ್ತಿದ್ದುದರಿಂದ ಎಲ್ಲಿಗೆ ಹೋಗಬೇಕು ಅಂತ ಅವಳಿಗೆ ಹೇಳಿಕೊಟ್ಟೆ. "ಎಷ್ಟ್ ಒಳ್ಳೇವ್ರು ಅಕ್ಕ ನೀವು" ಅಂದಳು. ನಾನು ಮುಖ ತಿರುಗಿಸಿಕೊಂಡು ಅಮ್ಮನ ಬಟ್ಟೆ ಮಡಿಸಿದೆ.

ಆಸ್ಪತ್ರೆಯಿಂದ ಆಟೋದಲ್ಲಿ ಕರೆತಂದೆ. ಗೇಟಿನೊಳಗೆ ತಮ್ಮ ಲಿಫ್ಟಿನ ಬಾಗಿಲು ಹಿಡಿದು ನಿಂತಿದ್ದ. "ಬಾಮ್ಮ" ಅಂದ.

ಅಮ್ಮ ನಿಂತು ಅವನನ್ನು ನೋಡಿದಳು. "ಲಿಫ್ಟ್ ನಂಗ್ಯಾಕೆ ಸ್ವಾಮಿ? ನಾನು ಹಿಂದ್ಗಡೆ ರೂಮಿನವ್ಳು."

ಗೋಡೆ ಹಿಡಿದುಕೊಂಡು ಹಿಂದಕ್ಕೆ ನಡೆದು, ಒಣಗಿದ ತೋರಣದ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದಳು. ಬುದ್ಧಿ ಕದಡಿದೆ ಅಂತ ತಮ್ಮ ಹೇಳಿದ. ನಾನು ಪರೀಕ್ಷೆ ಮಾಡಿದೆ. ಬಾವಿ ತೋಡಿದವರ ಹೆಸರು, ನಾನು ಹುಟ್ಟಿದ ವಾರ, ಪಾಸ್‌ಬುಕ್ಕು ಯಾವ ಕವರಿನಲ್ಲಿದೆ, ಎಲ್ಲ ಹೇಳಿದಳು.

"ನಂಗೇನೂ ಆಗಿಲ್ಲ ಕಣೇ. ಹಾಲು ಉಕ್ಸಿದೀನಿ ಇಲ್ಲಿ. ಹಾಲು ಉಕ್ಸಿದ್ ಮನೆ ಬಿಟ್ಟು ಎಲ್ಲಿಗ್ ಹೋಗ್ಲಿ? ನನ್ ಜನ್ಮದಲ್ಲಿ ನಂದು ಅಂತ ಹಚ್ಚಿದ್ ಒಲೆ ಇದೊಂದೇ. ಮೊದ್ಲು ಅತ್ತೇದು, ಆಮೇಲೆ ಸೊಸೇದು."

"ನನ್ ಮನೆಗೆ ಬಾ."

"ನಿನ್ ಮನೇಲಿ ಕಾಲ್ ಚಾಚೋಕೆ ಜಾಗ ಎಲ್ಲಿದೆ? ಓಲೆ ಬಿಚ್ಚಿದ್ ಕೈಯಲ್ಲಿ ಅನ್ನ ಬೇರೆ ಹಾಕ್ತೀಯಾ?"

ಅವಳು ಹೇಳಿದ್ದರಲ್ಲಿ ತಪ್ಪು ಇರಲಿಲ್ಲ.

ಓಲೆ ವಾಪಸ್ಸು ಕೊಡಮ್ಮ ಅಂತ ತಮ್ಮನ ಹೆಂಡತಿಯನ್ನು ಕೇಳಿದೆ. "ಮತ್ತೆ ಚೆಕಿಂಗ್ ಬಂದ್ರೆ ಏನ್ ಮಾಡೋದಕ್ಕ? ಬೀರುನಲ್ಲಿ ಸೇಫಾಗಿದೆ" ಅಂದಳು. ಅಮ್ಮ ತೂತು ಮುಚ್ಚಿಹೋಗದಿರಲಿ ಅಂತ ಪೊರಕೆಕಡ್ಡಿ ಮುರಿದು ಕಿವಿಗೆ ಸಿಕ್ಕಿಸಿಕೊಂಡಿದ್ದಾಳೆ.

ಮೊದಲ ತಿಂಗಳ ಪಿಂಚಣಿ ತಂದು ಕೊಟ್ಟಾಗ ಅಮ್ಮ ಅದರಲ್ಲಿ ಒಂದಿಷ್ಟನ್ನು ಬೇರೆ ಮಾಡಿ ನನ್ನ ಕೈಗಿಟ್ಟಳು. "ಓನರ್ರಿಗೆ ಕೊಡು. ಬಿಟ್ಟಿ ಇದ್ದಾಳೆ ಅನ್ನಿಸ್ಕೋಬಾರ್ದು." ನಾನು ಮೇಲೆ ತೆಗೆದುಕೊಂಡು ಹೋಗಿ ತಮ್ಮನ ಮುಂದಿಟ್ಟೆ. ಮುಟ್ಟಲಿಲ್ಲ, ಕೂಗಾಡಿದ, ನನ್ನನ್ನು ಬೈದ, ನೀನೇ ಕಿವಿ ಊದಿದ್ದು ಅಂದ. ವಾಪಸ್ಸು ತಂದೆ. ಎರಡನೇ ತಿಂಗಳೂ ಹಾಗೇ, ಆದರೆ ಕೂಗಾಟ ಕಡಿಮೆ. ಅಷ್ಟರಲ್ಲಿ ಬಾಡಿಗೆಯ ಮನೆಗಳವರು ಅಜ್ಜಿ ಯಾಕೆ ಹಿಂದಿನ ಕೋಣೆಯಲ್ಲಿದ್ದಾರೆ ಅಂತ ಕೇಳತೊಡಗಿದ್ದರು. ಅಮ್ಮ ಅವರ ಮುಂದೆಯೇ ತಮ್ಮನಿಗೆ "ನಮಸ್ಕಾರ ಓನರ್ರೇ" ಅನ್ನುತ್ತಿದ್ದಳು. ತಮ್ಮ ಕಾರನ್ನು ಬೀದಿಯಲ್ಲಿ ನಿಲ್ಲಿಸಲು ಶುರುಮಾಡಿದ.

ಮೂರನೇ ತಿಂಗಳು ತಮ್ಮ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಬಾಗಿಲು ತೆಗೆದಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು. "ಇಟ್ಕೋತೀನಿ ಬಿಡಿ ಅಕ್ಕ, ಅತ್ತೆಗೆ ಸಮಾಧಾನ ಆಗ್ಲಿ" ಅಂದಳು. ತೆಗೆದುಕೊಂಡಳು. ನಾನು ಲಿಫ್ಟಿನ ಬಟನ್ ಒತ್ತಿದ ಮೇಲೆ ಹಿಂದಿನಿಂದ ಕರೆದಳು.

"ಅಕ್ಕ, ಆ ರೂಮಿಗೆ ಬಲ್ಬು, ಫ್ಯಾನು ಬೇರೆ ಓಡುತ್ತೆ. ಮುಂದಿನ್ ತಿಂಗ್ಳಿಂದ ಕರೆಂಟಿಗೂ ಸೇರ್ಸಿ ಕೊಡೋಕೆ ಹೇಳ್ತೀರಾ? ಅವ್ರಿಗೂ ಬಾಡಿಗೆಯವ್ರ ಥರಾನೇ ಅನ್ಸುತ್ತೆ."

ಲಿಫ್ಟು ಬಂತು. ನಾನು ಮೆಟ್ಟಿಲಿಳಿದು ಬಂದೆ.

ಕೆಳಗೆ ಅಮ್ಮ ಅನ್ನ ಬಸಿಯುತ್ತಿದ್ದಳು. ಕಾರ್ಡಿನ ಅಕ್ಕಿ. ಎಂಟು ವರ್ಷದಲ್ಲಿ ಆ ಅಕ್ಕಿಯನ್ನು ಕಾರ್ಡಿನಲ್ಲಿ ಹೆಸರಿದ್ದವಳು ತಿಂದದ್ದು ಈಗಲೇ. ಕಾರ್ಡನ್ನು ಹೊಸದು ಮಾಡಿಸುವ ಫಾರಂ ನನ್ನ ಕವರಿನಲ್ಲಿತ್ತು. ಹೊಸಲಿನ ಮೇಲೆ ಕೂತು ತುಂಬಿದೆ. ಬೇರೆ ಒಲೆ ಇದೆಯೇ, ಇದೆ. ಸ್ವಂತ ಮನೆ, ಇಲ್ಲ. ಒಡವೆ, ಇಲ್ಲ. ನೋಡಿಕೊಳ್ಳುವ ಗಂಡುಮಕ್ಕಳು.

"ಏನಂತ ಬರೀಲಮ್ಮ ಇಲ್ಲಿ?"

"ಹೋದ್ಸಲ ಏನ್ ಬರ್ದಿದ್ದೆ?"

"ಇಲ್ಲ ಅಂತ."

"ಅದೇ ಬರಿ" ಅಂದಳು. "ಈ ಸಲ ತಡವರಿಸ್ದೆ ಬರಿ." ಗಂಜಿಯನ್ನು ಲೋಟಕ್ಕೆ ಹುಯ್ದು, ಉಪ್ಪು ಹಾಕಿ, ನನ್ನ ಕಡೆಗೆ ತಳ್ಳಿದಳು.